ಹನ್ನೆರಡು ದಿನದ ಅಧಿಕಾರ

ನನ್ನ ಅಕ್ಕ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಟೈಪ್ ಮಾಡಿ ಈಗ ಹೆಡ್ ಕ್ಲರ್ಕ್ ಆಗಿದ್ದಾಳೆ. 'ಡೆಲಿಗೇಟ್' ಎನ್ನುವ ಇಂಗ್ಲಿಷ್ ಪದವನ್ನು ಅವಳಷ್ಟು ಸಲ ಯಾರೂ ಕುಟ್ಟಿರಲಿಕ್ಕಿಲ್ಲ. ಸಾಹೇಬರು ರಜೆ ಹಾಕಿದಾಗಲೆಲ್ಲ ಆ ಪದವಿರುವ ಆದೇಶ ಹೊರಡುತ್ತದೆ. ಒಮ್ಮೆ ಅರ್ಥ ಕೇಳಿದ್ದೆ. "ತನ್ನ ಅಧಿಕಾರ ಇನ್ನೊಬ್ಬರಿಗೆ ವಹಿಸೋದು ಕಣೇ. ಕೆಲಸ ಅವರು ಮಾಡ್ತಾರೆ, ಹೊಣೆ ಮಾತ್ರ ಕೊಟ್ಟವರದ್ದೇ," ಎಂದಿದ್ದಳು. ಹೇಳುವುದೇನೋ ಸುಲಭ! ಅಲ್ಲಿನ ರೂಢಿಯೇ ಬೇರೆ. ಅಧಿಕಾರ ಸಿಕ್ಕವರು ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಉಳಿದದ್ದನ್ನೆಲ್ಲ 'ಸಾಹೇಬರು ಬರಲಿ' ಎಂದು ಮುಚ್ಚಿಡಬೇಕು.

ಈ ಸಲದ ಆದೇಶದಲ್ಲಿ ಅಕ್ಕನ ಹೆಸರೇ ಬಂತು, ಹನ್ನೆರಡು ದಿನಕ್ಕೆ. ಮೊದಲ ದಿನವೇ ಮೂರು ತಿಂಗಳಿಂದ ಕೊಳೆಯುತ್ತಿದ್ದ ಫೈಲು ಕೈಗೆ ಸಿಕ್ಕಿತು: ಲಿಫ್ಟಿನ ಕೇಬಲ್ ಸವೆದಿದೆ, ಕೂಡಲೇ ನಿಲ್ಲಿಸಿ ಎಂಬ ವರದಿ. ಬೆಳಗಿನಿಂದ ಸಂಜೆಯವರೆಗೆ ಆ ಲಿಫ್ಟಿನೊಳಗೆ ಕೂತು ಜನರನ್ನು ಹತ್ತಿಸಿ ಇಳಿಸುವವರು ನನ್ನ ಭಾವ, ಅಕ್ಕನ ಗಂಡ.

ಅಕ್ಕ ಫೈಲು ಮುಚ್ಚಿದಳು, ಮತ್ತೆ ತೆರೆದಳು. ಲಿಫ್ಟು ನಿಲ್ಲಿಸುವ ಆದೇಶಕ್ಕೆ ಸಹಿ ಹಾಕಿದರೆ 'ಗಂಡನಿಗೋಸ್ಕರ' ಅಂತಾರೆ. ಹಾಕದಿದ್ದರೆ? ಎರಡು ದಿನ ಲಿಫ್ಟು ಕಿರ್ ಎಂದಾಗಲೆಲ್ಲ ಕುರ್ಚಿ ಬಿಟ್ಟು ಓಡುತ್ತಿದ್ದಳಂತೆ. ಮೂರನೇ ದಿನ ಸಹಿ ಹಾಕಿಯೇಬಿಟ್ಟಳು, ಲಿಫ್ಟು ನಿಂತಿತು.

ಮನೆಯಲ್ಲಿ ಭಾವ ಕೆಂಡಾಮಂಡಲ. "ನಿಂಗೇನು ತಲೆ ಕೆಟ್ಟಿದ್ಯಾ? ನನ್ನ ಕೆಲಸಕ್ಕೇ ಕಲ್ಲು ಹಾಕಿದೆಯಲ್ಲೇ! ಹತ್ತೊಂಬತ್ತು ವರ್ಷ ಏನೂ ಆಗಿಲ್ಲ."

"ಆಗಬೇಕಿತ್ತಾ?" ಎಂದು ಅಕ್ಕ ಅತ್ತಳು.

ಐದು ಮಹಡಿ ಹತ್ತಿಳಿದ ಕಚೇರಿಯವರು 'ಮಹಾರಾಣಿ' ಎಂದು ಆಡಿಕೊಂಡರು. ನನಗೋ ಒಬ್ಬೊಬ್ಬರ ನಾಲಿಗೆ ಕೀಳುವಷ್ಟು ಸಿಟ್ಟು.

ಹದಿಮೂರನೇ ದಿನ, ಅಕ್ಕ ಮರೆತ ಕನ್ನಡಕ ಕೊಡಲು ನಾನು ಹೋದಾಗಲೇ ಸಾಹೇಬರು ಏದುಸಿರು ಬಿಡುತ್ತ ಹತ್ತಿ ಬಂದರು. "ಅಧಿಕಾರ ಕೊಟ್ಟರೆ ಚಲಾಯಿಸಿಯೇಬಿಡೋದಾ? ನಿಮ್ಮ ಆದೇಶ ರದ್ದು. ಈಗಲೇ ಟೈಪ್ ಮಾಡಿ!" ಕೊಟ್ಟವರಿಗೆ ವಾಪಸ್ ಪಡೆಯುವ ಹಕ್ಕೂ ಇದೆಯಲ್ಲ. ಅಕ್ಕ ಟೈಪ್ ಮಾಡಿದಳು, ಅವರು ಸಹಿ ಹಾಕಿದರು.

ನಿಂತ ಲಿಫ್ಟಿನ ಬಳಿಯೇ ಕಾಯುತ್ತಿದ್ದ ಭಾವನ ಮುಖ ಅರಳಿತು. ಸ್ವಿಚ್ಚು ಹಾಕಿ, ಕೆಳಗೆ ಮೀಟಿಂಗಿಗೆ ಹೊರಟ ಸಾಹೇಬರಿಗೆ ಬಾಗಿಲು ತೆರೆದರು. "ಬನ್ನಿ ಸಾರ್, ಮೊದಲು ನೀವೇ."

ಸಾಹೇಬರು ಲಿಫ್ಟಿನ ಒಳಗೆ ನೋಡಿದರು, ಮೇಲೆ ನೋಡಿದರು. "ಇಲ್ಲಪ್ಪ, ಡಾಕ್ಟರು ನಡೀಬೇಕು ಅಂದಿದ್ದಾರೆ," ಎಂದು ಮೆಟ್ಟಿಲ ಕಡೆ ತಿರುಗಿದರು.

ಅವರ ಹೆಜ್ಜೆ ಸದ್ದು ಮೂರನೇ ಮಹಡಿ ದಾಟುವವರೆಗೂ ಭಾವ ಬಾಗಿಲು ಹಿಡಿದೇ ನಿಂತಿದ್ದರು. ಆಮೇಲೆ ಸ್ವಿಚ್ಚು ಆರಿಸಿ, ತಮ್ಮ ಸ್ಟೂಲನ್ನು ಹೊರಗೆಳೆದು, ಬಾಗಿಲಿಗೆ ಅಡ್ಡವಾಗಿ ಕೂತರು.

"ಯಾರೂ ಹತ್ತಬೇಡಿ," ಎಂದರು.