ಗಣಪತಿ ಆಚಾರಿಯ ಡೆನ್ಮಾರ್ಕ್ ಖುರ್ಚಿ

ಹೊನ್ನಾವರದ ಬಡಗಿ ಗಣಪತಿ ಆಚಾರಿ ಯಾರ ಮನೆಗೆ ಹೋದರೂ ನೇರವಾಗಿ ಕೂತವರಲ್ಲ. ಮೊದಲು ಖುರ್ಚಿಯನ್ನು ತಲೆಕೆಳಗು ಮಾಡಿ, ಕಾಲು ಸೇರಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಮಗಳಿಗೆ ಗಂಡು ನೋಡಲು ಕುಮಟೆಗೆ ಹೋದಾಗಲೂ ಹಾಗೇ ಮಾಡಿದರಂತೆ. "ಹುಡುಗ ಅಡ್ಡಿಲ್ಲ. ಖುರ್ಚಿಗೆ ಮಾತ್ರ ಬರೀ ಮೊಳೆ ಹೊಡ್ದಿದ್ರು" ಎಂದು ಬಂದು ವರದಿ ಒಪ್ಪಿಸಿದರು. ಸಂಬಂಧ ಕುದುರಿತು. ಮದುವೆಗೆ ಮೊದಲೇ ಬೀಗರ ಮನೆಯ ಆರೂ ಖುರ್ಚಿ ರಿಪೇರಿಯಾದವು.

ನನ್ನ ಜೊತೆ ಶಾಲೆಯಲ್ಲಿ ಪಾಠ ಮಾಡುವ ಶಾಹಿನಾಳ ಭಟ್ಕಳದ ಮನೆಯಲ್ಲಿ ಒಂದು ಹಳೆಯ ಡೆನ್ಮಾರ್ಕ್ ಖುರ್ಚಿಯಿತ್ತು. ಅವಳ ಗಂಡ ದುಬೈಯಿಂದ ತಂದದ್ದು. ತೇಗದ್ದು, ಕೆಳಗೆ ಸಪೂರವಾಗುತ್ತ ಹೋದ ಕಾಲು, ಹುರಿಯಿಂದ ಹೆಣೆದ ಆಸನ. ಅದರ ಕಾಲೊಂದು ಮುರಿದಾಗ ಆಚಾರಿಯನ್ನು ಕರೆದೊಯ್ದೆ. ಅವರು ಅದನ್ನು ಮಗುಚಿ ಒಂದೊಂದೇ ಕೀಲಿನ ಮೇಲೆ ಹೆಬ್ಬೆರಳು ಆಡಿಸಿದರು.

"ಒಂದು ಮೊಳೆ ಇಲ್ಲ ಟೀಚರೆ. ಇದ ಮಾಡಿದವನ ಕೈ ನೋಡ್ಬೇಕಿತ್ತು."

ಹೊಸ ಕಾಲು ಕೂರಿಸಿದ ಮೇಲೆ ಶಾಹಿನಾಳನ್ನು ಕೇಳಿ, ಹಳೇ ಪೇಪರಿನ ಮೇಲೆ ಅದರ ಅಳತೆ ಇಳಿಸಿಕೊಂಡರು. ಎರಡು ತಿಂಗಳಲ್ಲಿ ಅಂಥದ್ದೇ ಇನ್ನೊಂದು ತಯಾರಾಯಿತು. ಆಸನಕ್ಕೆ ಮಾತ್ರ ತೆಂಗಿನಗುಂಡಿ ಬಂದರಿನ ಮೀನುಗಾರರಿಂದ ತಂದ ಹತ್ತಿಯ ಹಗ್ಗ.

ಸುದ್ದಿ ಧಾರೇಶ್ವರದ ಹೊಸ ರೆಸಾರ್ಟಿನವರಿಗೆ ಮುಟ್ಟಿತು. ಖುರ್ಚಿಯ ಚಿತ್ರ ತರಿಸಿ ನೋಡಿ, ಇದರಲ್ಲಿದ್ದ ಹಾಗೇ ಹನ್ನೆರಡು ಬೇಕು, ಸೋಮವಾರ ಮಾದರಿ ನೋಡುತ್ತೇವೆ ಎಂದರು. ಆಚಾರಿ ಹನ್ನೆರಡಕ್ಕೂ ಮರ ತರಿಸಿಟ್ಟರು.

ಭಾನುವಾರ ಆ ಮಾದರಿ ಖುರ್ಚಿಯನ್ನು ತೋರಿಸಲು ನಮ್ಮ ಮನೆಗೆ ತಂದರು. ಅಮ್ಮನಿಗೆ ಆಗಷ್ಟೇ ಮಂಡಿಯ ಆಪರೇಷನ್ ಆಗಿತ್ತು. ಊಟವೂ ಮಂಚದ ಮೇಲೇ. ಅವಳನ್ನು ಹಿಡಿದು ಅದರಲ್ಲಿ ಕೂರಿಸಿದೆವು. ಗಿಡ್ಡ ಜೀವ, ಪಾದ ನೆಲಕ್ಕೆ ಎಟುಕಲಿಲ್ಲ.

"ಚಂದ ಇದೆ ಆಚಾರಿ. ಆದ್ರೆ ಏಳೂದು ಹೆಂಗೆ?" ಅಂದಳು ಅಮ್ಮ.

ಆಚಾರಿ ಅವಳ ಪಾದವನ್ನೇ ನೋಡಿದರು. ಅವಳನ್ನು ಮಂಚಕ್ಕೆ ಕಳಿಸಿ, ಚೀಲದಿಂದ ಗರಗಸ ತೆಗೆದು ಖುರ್ಚಿಯ ನಾಲ್ಕೂ ಕಾಲನ್ನು ಎರಡೆರಡು ಇಂಚು ಕೊಯ್ದರು.

"ನಾಳೆ ಅವ್ರಿಗೆ ಎಂತ ತೋರಿಸ್ತೀರಿ?" ನನಗೆ ಗಾಬರಿ.

"ಇದನ್ನೇ. ಡೆನ್ಮಾರ್ಕಿನವ್ರ ಕಾಲು ಉದ್ದ. ನಮ್ಮಲ್ಲಿ ಕೂರೂದು ಯಾರು?"

ಆ ಮಧ್ಯಾಹ್ನ ಅಮ್ಮ ಮೇಜಿಗೆ ಕೂತು ಉಂಡಳು. ಕೈ ಊರಿ ತಾನೇ ಎದ್ದಳು.

ಸೋಮವಾರ ರೆಸಾರ್ಟಿನವರು ಟೇಪು ಹಿಡಿದು, ಎರಡು ಇಂಚು ಕಮ್ಮಿ, ಬೇಡ ಎಂದು ಹೋದರು. ಆಚಾರಿ ಎರಡು ದಿನ ಕೆಲಸದ ಕೊಟ್ಟಿಗೆಯ ಬಾಗಿಲು ತೆರೆಯಲಿಲ್ಲ. ಮೂರನೇ ದಿನ "ಆತು" ಎಂದು ಉಳಿ ಮಸೆದರು. ಆ ಮರ ವ್ಯರ್ಥವಾಗಲಿಲ್ಲ. ಮಾದರಿ ಖುರ್ಚಿ ಅಮ್ಮನಿಗೇ ಉಳಿಯಿತು. ಅವಳು ಅದರಲ್ಲಿ ಕೂತದ್ದನ್ನು ಕಂಡವರು ತಮ್ಮ ತಮ್ಮ ಅಜ್ಜಿಯರನ್ನು ಆಟೋದಲ್ಲಿ ಕರೆತಂದರು. ಒಬ್ಬೊಬ್ಬರ ಹಿಮ್ಮಡಿಯಿಂದ ಮಂಡಿಯವರೆಗೆ ನೂಲು ಹಿಡಿದು ಹನ್ನೆರಡು ಖುರ್ಚಿ ಮಾಡಿದರು. ಒಂದರ ಎತ್ತರ ಇನ್ನೊಂದಕ್ಕಿಲ್ಲ.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ನನ್ನ ಅಳತೆಯನ್ನೂ ತೆಗೆದುಕೊಂಡರು. "ನಿಮಗೂ ವಯಸ್ಸಾಗ್ತದಲ್ಲ ಟೀಚರೆ" ಎಂದು ನಕ್ಕರು. ಅದೇ ಕೊನೆಯ ಭೇಟಿ.

ಅವರು ತೀರಿಕೊಂಡ ಹದಿನೈದನೇ ದಿನಕ್ಕೆ ಅವರ ಹೆಂಡತಿ ಒಂದು ಕಟ್ಟು ತಂದುಕೊಟ್ಟರು: ನುಣುಪಾಗಿ ಹೆರೆದ ನಾಲ್ಕು ಕಾಲು. "ನಿಮ್ಮ ಖುರ್ಚಿದು ಇಷ್ಟೇ ಆಗಿತ್ತು. ಬೇರೆ ಯಾರ ಹತ್ರಾದ್ರೂ ಮುಗಿಸ್ಕಳಿ" ಅಂದರು.

ಹೂಂ ಅಂದೆ. ಇನ್ನೂ ಯಾರನ್ನೂ ಕೇಳಿಲ್ಲ.