ಉಚ್ಚೆಂಗಪ್ಪನೂ ತಣ್ಣಗಾಗದ ಲಾರಿಯೂ

ಹೊಸಪೇಟೆಯ ಉಚ್ಚೆಂಗಪ್ಪ ಮೊದಲು ಎತ್ತಿನ ದಲ್ಲಾಳಿ, ಆಮೇಲೆ ಮೋಟಾರಿನ ದಲ್ಲಾಳಿ. ಬಸ್ಸು ಲಾರಿ ಬಂದು ಎತ್ತಿನ ವ್ಯಾಪಾರ ಸೊರಗಿದಾಗ ಉಳಿದ ದಲ್ಲಾಳಿಗಳು ತಲೆಯ ಮೇಲೆ ಕೈಹೊತ್ತು ಕೂತರು. ಈ ಪುಣ್ಯಾತ್ಮ ಮಾತ್ರ ಒಂದು ಗ್ಯಾರೇಜಿನಲ್ಲಿ ಎರಡು ವರ್ಷ ಮೈಗೆಲ್ಲ ಎಣ್ಣೆ ಮೆತ್ತಿಕೊಂಡು ಇಂಜಿನ್ ಬಿಚ್ಚುವುದು, ಜೋಡಿಸುವುದು ಕಲಿತ. ಆದರೆ ಹಳೇ ಚಾಳಿ ಎಲ್ಲಿ ಬಿಡುತ್ತದೆ? ಹಳೇ ಲಾರಿ ನೋಡಲು ಕರೆದರೆ ಅದರ ಸುತ್ತ ಮೂರು ಸುತ್ತು ಬರುತ್ತಿದ್ದ, ಹಿಂಭಾಗಕ್ಕೆ ಒಂದು ಪೆಟ್ಟು ಕೊಡುತ್ತಿದ್ದ, ರೇಡಿಯೇಟರಿನ ಮುಚ್ಚಳ ತೆಗೆದು ಮೂಸುತ್ತಿದ್ದ. ಕೊನೆಗೆ ಬಾನೆಟ್ಟಿನ ಮೇಲೆ ಕೆನ್ನೆ ಇಟ್ಟು ಕಣ್ಣು ಮುಚ್ಚುತ್ತಿದ್ದ. ಜನ ನಗುತ್ತಿದ್ದರು. ನಗಲಿ ಬಿಡಿ, ಆ ಕೆನ್ನೆ ಹೇಳಿದ್ದು ಸುಳ್ಳಾದದ್ದಿಲ್ಲ.

"ಎತ್ತು ನೋಡೋದಾದ್ರ ಅದಕ್ಕ ಮೇವು ಹಾಕೋಕ ಮೊದ್ಲು ಹೋಗ್ಬೇಕು. ಡೀಸಲ್ ಗಾಡಿ ನೋಡೋದಾದ್ರ ಅದು ತಣ್ಣಗಿದ್ದಾಗ ಹೋಗ್ಬೇಕು" ಎನ್ನುತ್ತಿದ್ದ.

ಊರೆಲ್ಲ ಅವನ ಮಾತು ಕೇಳುತ್ತಿತ್ತು, ಪಾಪಿನಾಯಕನಹಳ್ಳಿಯ ಒಂದು ಮನೆ ಬಿಟ್ಟು. ಅದು ಹೆಂಡತಿ ಎರ್ರೆಮ್ಮನ ತವರು. ಹನ್ನೊಂದು ವರ್ಷದ ಹಿಂದೆ ಅತ್ತೆ ದ್ಯಾಮಕ್ಕನಿಗೆ ಅವನೇ ಮುಂದೆ ನಿಂತು ಒಂದು ಎಮ್ಮೆ ಕೊಡಿಸಿದ್ದ. ಮಾರುವವನು ಎರಡು ಹೊತ್ತು ಹಾಲು ಕರೆಯದೆ ಕೆಚ್ಚಲು ಉಬ್ಬಿಸಿ ನಿಲ್ಲಿಸಿದ್ದು ಇವನಿಗೆ ತಿಳಿಯಲಿಲ್ಲ. ಮನೆಗೆ ಬಂದ ಎಮ್ಮೆ ಅರ್ಧ ಸೇರು ಹಾಲು ಕೊಟ್ಟು ನಾಲ್ಕು ಒದೆ ಕೊಡುತ್ತಿತ್ತು. ಅಲ್ಲಿಂದ ಮುಂದೆ ಆ ಮನೆಯವರು ಹೆಣ್ಣು ನೋಡಲಿ, ಬಾವಿ ತೋಡಲಿ, ಅಳಿಯನನ್ನು ಒಂದು ಮಾತು ಕೇಳೋಣ ಎಂದವರಿಲ್ಲ. ಹಬ್ಬಕ್ಕೆ ಕರೆದರು, ಹೋಳಿಗೆಯ ಮೇಲೆ ತುಪ್ಪ ಸುರಿದರು, ಅಭಿಪ್ರಾಯ ಮಾತ್ರ ಕೇಳಲಿಲ್ಲ. ಅಳಿಯನಾದವನಿಗೆ ಇದಕ್ಕಿಂತ ಅವಮಾನ ಬೇಕೇ? ಆ ತುಪ್ಪ ಉಚ್ಚೆಂಗಪ್ಪನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಸಾವಿರದ ಒಂಬೈನೂರ ಮೂವತ್ತೊಂಬತ್ತರಲ್ಲಿ ಎರ್ರೆಮ್ಮನ ತಮ್ಮ ಜಂಬಪ್ಪನಿಗೆ ಲಾರಿಯ ಹುಚ್ಚು ಹಿಡಿಯಿತು. ಕಂಪ್ಲಿಯ ಬೆಲ್ಲವನ್ನು ಹೊಸಪೇಟೆ ಸ್ಟೇಷನ್ನಿಗೆ ಸಾಗಿಸಬೇಕು ಎಂದು ಅವನ ಆಸೆ. ಅಕ್ಕಿ ಗಿರಣಿಯ ಚನ್ನಯ್ಯ ತನ್ನ ಹಳೇ ಡೀಸೆಲ್ ಲಾರಿ ಮಾರುತ್ತಾನೆ ಎಂದು ಸುದ್ದಿ ಬಂತು. ಎರ್ರೆಮ್ಮ ತವರಿಗೆ ಹೋಗಿ, ಅತ್ತು ಕರೆದು, ಗಂಡನನ್ನು ಜೊತೆಗೆ ಕರೆದುಕೊಂಡು ಹೋಗಲು ಒಪ್ಪಿಸಿದಳು. ದ್ಯಾಮಕ್ಕ ಒಂದೇ ಷರತ್ತು ಹಾಕಿದಳು.

"ಬರ್ಲಿ. ಆದ್ರ ನಾನೂ ಬರ್ತೀನಿ."

ಚನ್ನಯ್ಯ ದೊಡ್ಡ ಭಕ್ತ. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಶಿವಶಿವಾ. "ಪೂಜಿ ಆಗದ ಗಾಡಿ ಮುಟ್ಟಂಗಿಲ್ಲ, ಒಂಬತ್ತಕ್ಕ ಬರ್ರಿ" ಎಂದು ಹೇಳಿ ಕಳಿಸಿದ್ದ. ಉಚ್ಚೆಂಗಪ್ಪ ಬೇಕಂತಲೇ ಏಳಕ್ಕೇ ಬಂಡಿ ತಂದು ಗಿರಣಿಯ ಮುಂದೆ ನಿಲ್ಲಿಸಿದ. ಅಯ್ಯೋ, ಅಷ್ಟರಲ್ಲಿ ಪೂಜೆ ಮುಗಿದೇ ಹೋಗಿತ್ತು! ಲಾರಿಗೆ ಚೆಂಡುಹೂವಿನ ಹಾರ. ಇಂಜಿನ್ನಿನ ಅಡಿಯಲ್ಲಿ ಬಾಣಲೆಯಷ್ಟು ದೊಡ್ಡ ಧೂಪದ ಪಾತ್ರೆ, ಅದರಲ್ಲಿ ನಿಗಿನಿಗಿ ಕೆಂಡ.

ಚನ್ನಯ್ಯ ಸ್ಟಾರ್ಟರ್ ಒತ್ತಿದ. ಲಾರಿ ಒಂದೇ ಏಟಿಗೆ ಗುಡುಗಿತು. ಜಂಬಪ್ಪ ಕುಣಿದ. ದ್ಯಾಮಕ್ಕ ಕೈಮುಗಿದಳು.

ಉಚ್ಚೆಂಗಪ್ಪ ಕೆನ್ನೆ ಇಟ್ಟ. ಇಟ್ಟವನು ಹಾರಿಬಿದ್ದ, ಕೆನ್ನೆ ಸುಟ್ಟಿತ್ತು.

ಇಂಥ ಇಂಜಿನ್ನಿನ ಗುಣ ಹೇಳಿಬಿಡುತ್ತೇನೆ, ಕೇಳಿ. ಬೆಳಿಗ್ಗೆ ಒಳಗೆ ಬೆಚ್ಚಗಾಗದೆ ಅದು ಉಸಿರೆತ್ತುವುದಿಲ್ಲ. ಅದಕ್ಕೆಂದೇ ಒಂದೊಂದು ಸಿಲಿಂಡರಿಗೂ ಒಂದೊಂದು ಹೀಟರ್ ಪ್ಲಗ್ಗು. ಬ್ಯಾಟರಿಯ ಕರೆಂಟಿಗೆ ಅದರ ತುದಿಯ ತಂತಿ ಕೆಂಪಗೆ ಕಾಯಬೇಕು. ಪ್ಲಗ್ಗು ಸತ್ತಿದ್ದರೂ ಇಂಜಿನ್ ಬಿಸಿಯಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಚನ್ನಯ್ಯನ ಭಕ್ತಿ ಎಲ್ಲಿ ಉರಿಯುತ್ತಿದೆ ಎಂದು ಉಚ್ಚೆಂಗಪ್ಪನಿಗೆ ಹೊಳೆಯಿತು.

"ಅಯ್ಯಾರ, ಇದು ಆರ್ಲಿ. ಆಮ್ಯಾಲ ಇನ್ನೊಮ್ಮೆ ನೋಡಾಣ" ಎಂದ.

ದ್ಯಾಮಕ್ಕ ಕಣ್ಣು ಕೆಂಪಗೆ ಮಾಡಿದಳು. "ದೇವ್ರ ಧೂಪದಾಗೂ ಹುಳುಕು ಹುಡುಕ್ತಾರಲ್ಲಪ್ಪ ಇವ್ರು! ಎಂಥಾ ಭಕ್ತ್ರು ಅವ್ರು!"

ಉಚ್ಚೆಂಗಪ್ಪನಿಗೆ ಇಕ್ಕಟ್ಟು. ಪೂಜೆಯೇ ಮೋಸ ಎಂದರೆ ಅತ್ತೆ ಇನ್ನು ಹೊಸ್ತಿಲು ತುಳಿಯಲೂ ಬಿಡಳು. ಸುಮ್ಮನಿದ್ದರೆ ಭಾಮೈದ ಹಾಳಾಗುತ್ತಾನೆ, ತನ್ನ ಹೆಸರು ಎಮ್ಮೆಯ ಜೊತೆಗೆ ಲಾರಿಗೂ ಅಂಟುತ್ತದೆ. ಗಿರಣಿಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತೇಬಿಟ್ಟ.

ಲಾರಿ ಆರಲು ಚನ್ನಯ್ಯ ಬಿಟ್ಟರೆ ತಾನೆ! ಒಂಬತ್ತಕ್ಕೆ ಗಣಪತಿಯ ಹೆಸರಿನಲ್ಲಿ ಕೆಂಡ ತಂದ. ಹತ್ತೂವರೆಗೆ ವೀರಭದ್ರನ ಹೆಸರಿನಲ್ಲಿ. ಹನ್ನೆರಡಕ್ಕೆ ಬಸವಣ್ಣನಿಗೆಂದು ಒಂದು ಬುಟ್ಟಿ ತೆಂಗಿನ ಚಿಪ್ಪು ಸುರಿದು ಊದುಗೊಳವೆಯಿಂದ ಊದಿದ. ವಿಭೂತಿ ಬೆವರಲ್ಲಿ ಇಳಿದು ಗಡ್ಡ ಸೇರಿತ್ತು. ದ್ಯಾಮಕ್ಕ ಒಂದೊಂದು ಪೂಜೆಗೂ ಎದ್ದು ಎದ್ದು ಕೈಮುಗಿದು, ಸೊಂಟ ಹಿಡಿದುಕೊಂಡು ಕೂತಳು.

ಉಚ್ಚೆಂಗಪ್ಪನ ತಾಳ್ಮೆ ಮುಗಿಯಿತು. ಎದ್ದು ನಿಂತು ಕೈಮುಗಿದು, ಮೆತ್ತಗೆ ಹೇಳಿದ: "ಅಯ್ಯಾರ, ನಿಮ್ಮ ಪದ್ಧತಿ ಆತು. ನಮ್ಮ ಕಡೇದೂ ಒಂದು ಪದ್ಧತಿ ಐತಿ. ಮನಿ ಹಿರೇರು ಅಭಿಷೇಕ ಮಾಡದ ಗಾಡಿ ನಾವು ತಗಳ್ಳಂಗಿಲ್ಲ. ಅತ್ತಿ, ನೀವ ಮಾಡ್ಬೇಕ್ರಿ."

ಇಂಥ ಪದ್ಧತಿ ಹುಟ್ಟಿದ್ದು ಅದೇ ಗಳಿಗೆಯಲ್ಲಿ. ಆದರೆ ಮನೆಯ ಹಿರಿಯಳು ಎಂದ ಮೇಲೆ ದ್ಯಾಮಕ್ಕ ಇಲ್ಲ ಎನ್ನುತ್ತಾಳೆಯೇ? ಸೆರಗು ಸಿಕ್ಕಿಸಿ ಕೊಡ ಎತ್ತಿದಳು. ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ಅದಕ್ಕೆ ಉಚ್ಚೆಂಗಪ್ಪ ಕೆಂಡ ತೆಗೆಸಿ, ಬಾಣಂತಿಗೆ ಹದ ನೋಡಿದ ಹಾಗೆ ನೀರಿನ ಹದ ನೋಡಿ ಮೊದಲು ಬಿಸಿನೀರು, ಆಮೇಲೆ ಉಗುರುಬೆಚ್ಚಗೆ, ಆಮೇಲೆ ಬಾವಿಯ ನೀರು ಕೊಟ್ಟ. ವೈರುಗಳ ಮೇಲೆ ಗೋಣಿತಾಟು ಹೊದಿಸಿದ. ಹದಿನಾಲ್ಕು ಕೊಡ ಸುರಿದರು. ಚನ್ನಯ್ಯ "ಸಾಕ್ರೀ ಅವ್ವಾರ, ಸಾಕ್ರೀ" ಎಂದು ಅತ್ತ ಇತ್ತ ಓಡಾಡಿದ. ಹುರುಪೇರಿದ ದ್ಯಾಮಕ್ಕ ಅವನಿಗೂ ಅರ್ಧ ಕೊಡ ಎರಚಿದಳು.

ಗೋಣಿ ತೆಗೆದು, ಒರೆಸಿ, ಉಚ್ಚೆಂಗಪ್ಪ ಕೆನ್ನೆ ಇಟ್ಟ. ತಣ್ಣಗಿತ್ತು. ಪ್ಲಗ್ಗಿಗೆ ಅರ್ಧ ನಿಮಿಷ ಕರೆಂಟು ಕೊಟ್ಟು ಸ್ಟಾರ್ಟರ್ ಒತ್ತಿದ. ಲಾರಿ ಗೊರಗೊರ ಎಂದು ಬಿಳಿ ಹೊಗೆ ಬಿಟ್ಟು ಸುಮ್ಮನಾಯಿತು. ಇನ್ನೊಮ್ಮೆ ಒತ್ತಿದ. ಅದೇ ಗೊರಗೊರ.

"ಅತ್ತಿ, ಇಲ್ಲಿ ನೋಡ್ರಿ" ಎಂದು ಸ್ಟಿಯರಿಂಗಿನ ಪಕ್ಕದ ಒಂದು ಸಣ್ಣ ತಂತಿ ಸುರುಳಿ ತೋರಿಸಿದ. "ಪ್ಲಗ್ಗು ಕಾದ್ರ ಇದು ಕೆಂಪಗ ಆಗ್ಬೇಕು. ಆಗಿಲ್ಲ. ನಾಕೂ ಪ್ಲಗ್ಗಿಗೆ ಕರೆಂಟು ಒಂದರಿಂದ ಇನ್ನೊಂದಕ್ಕ ಹೋಗ್ತೈತಿ. ಒಂದು ಸತ್ರ ನಾಕೂ ಬಂದ್."

ಒಂದು ತುಂಡು ವೈರು ಹಿಡಿದು, ಕರೆಂಟು ಮೊದಲ ಪ್ಲಗ್ಗನ್ನು ದಾಟಿ ಹೋಗುವಂತೆ ಮಾಡಿದ. ಏನೂ ಆಗಲಿಲ್ಲ. ಎರಡನೆಯದು, ಏನೂ ಇಲ್ಲ. ಮೂರನೆಯದಕ್ಕೆ ಹಿಡಿದ ಕೂಡಲೇ ಒಳಗೆ ಸುರುಳಿ ನೋಡುತ್ತಾ ಕೂತಿದ್ದ ಜಂಬಪ್ಪ ಕಿರುಚಿದ: "ಮಾವ, ಕೆಂಪಗಾತು!"

"ಇದ ನೋಡ್ರಿ ಸತ್ತಿದ್ದು. ಉಳಿದದ್ದೆಲ್ಲ ಗಟ್ಟಿ ಐತಿ."

ವೈರು ಹಾಗೇ ಕಟ್ಟಿ, ಅರ್ಧ ನಿಮಿಷ ಕಾಯಿಸಿ, ಸ್ಟಾರ್ಟರ್ ಒತ್ತಿದ. ತಣ್ಣಗಿದ್ದ ಲಾರಿ ಕುಂಟುತ್ತಾ ಕೆಮ್ಮುತ್ತಾ ಎದ್ದು ನಿಂತಿತು.

ದ್ಯಾಮಕ್ಕ ಕೆಂಡದ ಪಾತ್ರೆ ನೋಡಿದಳು, ಚನ್ನಯ್ಯನನ್ನು ನೋಡಿದಳು, ಬೆಳಗಿನಿಂದ ಮುಗಿದ ತನ್ನ ಕೈಗಳನ್ನು ನೋಡಿಕೊಂಡಳು. ಚನ್ನಯ್ಯ ನೀರು ಸೋರುವ ಗಡ್ಡ ಹಿಂಡುತ್ತಾ ಪೆಚ್ಚು ನಗೆ ನಕ್ಕ.

"ಆಗಿದ್ದಾತು ಬಿಡ್ರಿ. ಏನಪ ಜಂಬಪ್ಪ, ತಗಂತಿಯೋ ಇಲ್ಲೋ? ಹೇಳ್ಬಿಡು."

ಜಂಬಪ್ಪ ಬಾಯಿ ತೆರೆದ. ದ್ಯಾಮಕ್ಕ ಅವನ ತೋಳಿಗೆ ಒಂದು ಏಟು ಕೊಟ್ಟಳು.

"ಅವನ್ನೇನ್ ಕೇಳ್ತೀರಿ? ನಮ್ಮ ಅಳಿಯಂದ್ರು ನಿಂತಿಲ್ಲೇನು? ಅವ್ರನ್ನ ಕೇಳ್ರಿ."

ಹನ್ನೊಂದು ವರ್ಷ ಈ ಮಾತಿಗೆ ಕಾದಿದ್ದ ಉಚ್ಚೆಂಗಪ್ಪ ಒಂದು ದೊಡ್ಡ ಭಾಷಣವನ್ನೇ ತಯಾರು ಮಾಡಿಟ್ಟುಕೊಂಡಿದ್ದ. ಒಂದಕ್ಷರ ನೆನಪಾಗಲಿಲ್ಲ. ಕಣ್ಣು ತುಂಬಿತು. "ಥೂ, ಇದರ ಹೊಗಿ" ಎಂದು ಎಣ್ಣೆಗೈಯಿಂದಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡ.

"ಹೊಸಾ ಪ್ಲಗ್ಗು ಹಾಕ್ಸಿ ಕೊಟ್ರ ತಗಳ್ಳಾಣ್ರೀ ಅತ್ತಿ" ಎಂದ.

"ಆತು, ನೀವು ಹೇಳಿದ್ಮ್ಯಾಲ ಮುಗೀತು" ಎಂದ ದ್ಯಾಮಕ್ಕ, ತನ್ನ ಒದ್ದೆ ಸೆರಗಿನಿಂದ ಅಳಿಯನ ಮುಖ ಒರೆಸಲು ಹೋಗಿ, ಎಲ್ಲರೂ ನೋಡುತ್ತಿರುವುದು ನೆನಪಾಗಿ ಸೆರಗಿನ ತುದಿಯನ್ನು ಅವನ ಕೈಗೇ ಕೊಟ್ಟಳು.