ಸರ್ವರಿನ ಅಚ್ಚಿನಿಂದ ಕೈಬಿಟ್ಟದ್ದು

ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಕಾಪುವಿನ ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸು ಹೋಗಿ ನೋಡಿ ಬರುವವರ ಪೈಕಿ ನಾನು. ಹೋದಾಗಲೆಲ್ಲ ಅದು ಆಫ್ ಆಗಿಯೇ ಇರುತ್ತದೆ. ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಇಂಥವಳ ಕೈಗೆ ಮಣಿಪಾಲದ ನಮ್ಮ ಸಣ್ಣ ಕಂಪನಿಯ ಯಜಮಾನರು ಸರ್ವರಿನ ಅಚ್ಚು ಮಾಡುವ ಕೆಲಸ ಒಪ್ಪಿಸಿದರು.

ಆಫೀಸಿನಲ್ಲಿ ನಾವು ಅದನ್ನು ಟೆಂಪ್ಲೇಟ್ ಎನ್ನುತ್ತೇವೆ. ನಮ್ಮದು ಬಾಡಿಗೆ ಸರ್ವರುಗಳ ವ್ಯವಹಾರ. ಒಂದೇ ದೊಡ್ಡ ಯಂತ್ರದೊಳಗೆ ಕಣ್ಣಿಗೆ ಕಾಣದ ಹತ್ತಾರು ಕಂಪ್ಯೂಟರುಗಳನ್ನು ಮಾಡಿ ಗಿರಾಕಿಗಳಿಗೆ ಕೊಡುತ್ತೇವೆ. ಒಂದೊಂದನ್ನೂ ಮೊದಲಿನಿಂದ ಕಟ್ಟುತ್ತಾ ಕೂತರೆ ಮುಗಿಯುವುದಿಲ್ಲ. ಅದಕ್ಕೆ ಬೇಕಾದ ಸಾಫ್ಟ್‌ವೇರುಗಳನ್ನೆಲ್ಲ ತುಂಬಿ ಒಂದು ಅಚ್ಚು ಮಾಡಿಟ್ಟು, ಹೊಸ ಗಿರಾಕಿ ಬಂದಾಗ ಅದರ ಪ್ರತಿ ತೆಗೆದು ಕೊಡುವುದು. ಅಚ್ಚಿನಲ್ಲಿ ತಪ್ಪಿದ್ದರೆ ಅದು ಎಲ್ಲ ಪ್ರತಿಗಳಿಗೂ ಹೋಗುತ್ತದೆ. ಈ ಕೊನೆಯ ಮಾತೇ ನನ್ನ ನಿದ್ದೆ ಕೆಡಿಸಿತ್ತು.

ಯಜಮಾನರು ಕಾಪುವಿನ ಬ್ಯಾರಿ ಮುಸ್ಲಿಮರು, ಬಹಳ ವರ್ಷ ಗಲ್ಫಿನಲ್ಲಿ ಇದೇ ಕೆಲಸ ಮಾಡಿ ಬಂದವರು. ಅಲ್ಲಿ ಮಾಡಿಟ್ಟುಕೊಂಡಿದ್ದ ಒಂದು ಹಳೆಯ ಅಚ್ಚನ್ನು ನನಗೆ ಕೊಟ್ಟು, “ಇದರ ಮೇಲೆ ಕಟ್ಟಿ. ತಳಪಾಯ ಗಟ್ಟಿ ಉಂಟು. ಮೇಲೆ ಎಂತ ಬೇಕು, ಎಂತ ಬೇಡ, ಅದು ನೀವೇ ನೋಡಿ” ಎಂದರು.

ನೋಡುವುದೇ ಕಷ್ಟವಾಯಿತು. ಗಲ್ಫಿಗೆ ಹೊರಟವರ ಪೆಟ್ಟಿಗೆಗೆ ನೆರೆಮನೆಯವರೆಲ್ಲ ಒಂದೊಂದು ಪೊಟ್ಟಣ ತಂದುಕೊಡುವ ಹಾಗೆ ಆಫೀಸಿನ ಪ್ರತಿಯೊಬ್ಬರೂ ಒಂದೊಂದು ಸಾಫ್ಟ್‌ವೇರಿನ ಹೆಸರು ತಂದರು. ಯಾರಿಗೂ ಬೇಡ ಎನ್ನಲು ನನಗೆ ದಾಕ್ಷಿಣ್ಯ. ಎಲ್ಲವನ್ನೂ ಹಾಕಿದರೆ ಅಚ್ಚು ಭಾರ, ಅಷ್ಟೇ ಅಲ್ಲ, ಒಳಗೆ ಸೇರಿಸಿದ ಪ್ರತಿಯೊಂದೂ ಕಳ್ಳನಿಗೆ ಇನ್ನೊಂದು ಬಾಗಿಲು. ಬಿಟ್ಟರೆ ಗಿರಾಕಿಯ ಫೋನು. ಒಂದು ಹಾಳೆಯ ಮಧ್ಯೆ ಗೆರೆ ಎಳೆದು, ಇಡುವುದನ್ನು ಎಡಕ್ಕೂ ಬಿಡುವುದನ್ನು ಬಲಕ್ಕೂ ಬರೆದುಕೊಂಡೆ. ಎರಡು ವಾರ ಹೆಸರುಗಳು ಆ ಗೆರೆಯನ್ನು ದಾಟಿ ಅತ್ತಿತ್ತ ಓಡಾಡಿದವು. ಬ್ಯಾಕಪ್ ಸಾಫ್ಟ್‌ವೇರನ್ನು ಮೂರು ಸಲ ತೆಗೆದು ಮೂರು ಸಲ ಹಾಕಿದೆ. ಊಟಕ್ಕೆ ಕೂತಾಗಲೂ ಅದೇ ಯೋಚನೆ. ಅಮ್ಮ ಸಾರು ಬಡಿಸುತ್ತಾ, “ಉಪ್ಪು ಉಂಟಾ?” ಎಂದು ಕೇಳಿದರೆ, “ನಾಳೆ ನೋಡಿ ಹೇಳ್ತೇನೆ” ಎಂದಿದ್ದೆನಂತೆ.

ಒಂದನ್ನು ಮಾತ್ರ ಯೋಚನೆಯಿಲ್ಲದೆ ಬಲಕ್ಕೆ ಬರೆದೆ. ಸರ್ವರ್ ಮೊದಲ ಸಲ ಶುರುವಾಗುವಾಗ ನಾಲ್ಕೈದು ಪ್ರಶ್ನೆ ಕೇಳುವ ಒಂದು ಸಣ್ಣ ಸಾಫ್ಟ್‌ವೇರ್ ಅದು. ಯಾವ ಭಾಷೆ, ಯಾವ ದೇಶ, ಎಲ್ಲಿಯ ಸಮಯ ಎಂದು ಕೇಳುತ್ತಿತ್ತು. ಅದನ್ನು ಕಂಡು ಗಾಬರಿಯಾದ ಗಿರಾಕಿಗಳು, “ಇದು ಎಂತದೋ ಕೇಳ್ತಾ ಉಂಟು, ಒತ್ತಬಹುದಾ?” ಎಂದು ಫೋನ್ ಮಾಡುತ್ತಿದ್ದರು. ಪಾಪ, ಅವರಿಗೇಕೆ ತೊಂದರೆ, ಎಲ್ಲ ನಾವೇ ತಯಾರು ಮಾಡಿ ಕೊಡೋಣ ಎಂದು ತೆಗೆದುಬಿಟ್ಟೆ. ಒಳ್ಳೆಯ ಕೆಲಸ ಮಾಡಿದೆ ಎಂಬ ಸಮಾಧಾನವೂ ಇತ್ತು.

ಹೊಸ ಅಚ್ಚಿನ ಮೊದಲ ಪ್ರತಿ ಹೋದದ್ದು ಕಾರ್ಕಳದ ಒಂದು ಡಯಾಲಿಸಿಸ್ ಕೇಂದ್ರಕ್ಕೆ. ಅಲ್ಲಿ ರೋಗಿಗಳ ಪಾಳಿ ದಿನದಿನಕ್ಕೆ ಬದಲಾಗುತ್ತದೆ. ಅಂದು ಯಾರ ಪಾಳಿ ಎಷ್ಟು ಗಂಟೆಗೆ ಎಂದು ಎರಡು ಗಂಟೆ ಮುಂಚೆ ಅವರ ಮೊಬೈಲಿಗೆ ಮೆಸೇಜ್ ಹೋಗಬೇಕು. ಅದನ್ನು ಕಳಿಸುವುದು ನಮ್ಮ ಸರ್ವರಿನ ಕೆಲಸ.

ಮೊದಲ ದಿನ ಮಧ್ಯಾಹ್ನವೇ ಕೇಂದ್ರದ ಮೇಡಂ ಫೋನ್ ಮಾಡಿದರು. “ಮೆಸೇಜ್ ಯಾಕೋ ತಡ ಆಗ್ತಾ ಉಂಟು, ಅಲ್ವಾ? ಹನ್ನೆರಡು ಗಂಟೆ ಪಾಳಿಯ ಒಬ್ಬರು ಪೆರ್ಡೂರಿನವರು, ಒಂದು ಗಂಟೆಗೆ ಬಂದರು. ಅವರ ಜಾಗ ಬೇರೆಯವರಿಗೆ ಕೊಟ್ಟಾಗಿತ್ತು. ನಾಳೆ ಬೆಳಿಗ್ಗೆ ಬನ್ನಿ ಹೇಳಿ ಕಳಿಸಿದೆ.”

ನಾನು ಸರ್ವರಿನ ದಾಖಲೆ ತೆಗೆದು ನೋಡಿದೆ. ಮೆಸೇಜ್ ಸರಿಯಾಗಿ ಹತ್ತು ಗಂಟೆಗೆ ಹೋಗಿದೆ ಎಂದು ಬರೆದಿತ್ತು. “ನಮ್ಮಿಂದ ಹತ್ತಕ್ಕೇ ಹೋಗಿದೆ ಮೇಡಂ, ಮೊಬೈಲ್ ನೆಟ್‌ವರ್ಕಿನದ್ದು ಇರಬೇಕು” ಎಂದೆ. ಹುಟ್ಟಿದಂದಿನಿಂದ ಎಲ್ಲದಕ್ಕೂ ಹೆದರಿದ ನಾನು ಅಂದು, ಹೆದರಲೇಬೇಕಾದ ದಿನ, ಧೈರ್ಯವಾಗಿ ಮಾತಾಡಿದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಮರುದಿನ ಆಫೀಸಿಗೆ ಬಂದು ಕೂತಿದ್ದೆನಷ್ಟೆ, ಮೇಡಂ ಅವರದೇ ಫೋನು. ಪೆರ್ಡೂರಿನವರಿಗೆ ಬೆಳಗಿನ ಜಾವ ಉಸಿರು ಕಟ್ಟಿ ಉಡುಪಿಯ ಆಸ್ಪತ್ರೆಗೆ ಸೇರಿಸಿದ್ದಾರೆ. ಐಸಿಯುನಲ್ಲಿದ್ದಾರೆ.

ಸರ್ವರಿನಿಂದ ನನ್ನ ಮೊಬೈಲಿಗೇ ಒಂದು ಮೆಸೇಜ್ ಕಳಿಸಿದೆ. ತಕ್ಷಣ ಬಂತು. ಏಳು ಮುಕ್ಕಾಲಿಗೆ ಕಳಿಸಿದೆ ಎಂದು ಸರ್ವರ್ ಹೇಳುತ್ತಿತ್ತು. ಗೋಡೆಯ ಗಡಿಯಾರದಲ್ಲಿ ಒಂಬತ್ತೂ ಕಾಲು. ಎರಡನ್ನೂ ನೋಡಿದೆ, ಒಂದು ಕ್ಷಣ ಏನೂ ತಪ್ಪು ಕಾಣಲಿಲ್ಲ.

ಕಾಣುವುದಾದರೂ ಹೇಗೆ? ಒಂದೂವರೆ ಗಂಟೆ ಹಿಂದೆ ಇರುವುದು ಗಲ್ಫಿನ ಸಮಯ. ನಾನು ಸಣ್ಣವಳಿದ್ದಾಗ ಅಪ್ಪ ಅಲ್ಲಿದ್ದರು, ಈಗ ಗಂಡ ಇದ್ದಾರೆ. ಅಪ್ಪನ ಫೋನಿಗೆ ಕಾದು ಕೂತ ದಿನಗಳಿಂದಲೂ ಅಲ್ಲಿಯ ಗಂಟೆ ಕಂಡರೆ ಇಲ್ಲಿಯದು ತಾನಾಗಿ ಮನಸ್ಸಿಗೆ ಬರುತ್ತದೆ. ನನ್ನ ಮೊಬೈಲಿನ ಮುಖದಲ್ಲೂ ಎರಡು ಸಮಯ ಉಂಟು. ಅಚ್ಚನ್ನು ಪರೀಕ್ಷಿಸಿದ ಎರಡು ವಾರವೂ ಆ ಸಮಯ ನನ್ನ ಕಣ್ಣೆದುರೇ ಇತ್ತು. ಬೇರೆ ಊರಿನವರಾಗಿದ್ದರೆ ಮೊದಲ ದಿನವೇ ಹಿಡಿಯುತ್ತಿದ್ದರು. ಯಜಮಾನರ ಹಳೆಯ ಅಚ್ಚಿನಲ್ಲಿ ಉಳಿದಿದ್ದ ಗಲ್ಫಿನ ಗಂಟೆ ಹಾಗೇ ಕಾರ್ಕಳಕ್ಕೆ ಹೋಗಿತ್ತು. ಎಲ್ಲಿಯ ಸಮಯ ಎಂದು ಕೇಳಬೇಕಾದ ಸಾಫ್ಟ್‌ವೇರನ್ನು ತೆಗೆದವಳು ನಾನು. ಸರ್ವರಿನ ಹತ್ತು ಗಂಟೆಗೆ ಹೊರಟ ಮೆಸೇಜ್ ಪೆರ್ಡೂರಿಗೆ ತಲುಪುವಾಗ ಹನ್ನೊಂದೂವರೆ.

ಸರಿಪಡಿಸಲು ಒಂದೇ ಸಾಲು ಸಾಕಾಯಿತು. ಅಂದಿನ ಹತ್ತು ಗಂಟೆಯ ಮೆಸೇಜುಗಳು ಹೋಗುವ ಮೊದಲೇ ಮುಗಿಸಿದೆ. ಯಜಮಾನರಿಗೆ ಹೇಳಿದೆ. ಅವರು, “ತಳಪಾಯ ನನ್ನದು. ಮೇಡಂಗೆ ನಾನೇ ಹೇಳ್ತೇನೆ” ಎಂದು ಕಾರ್ಕಳಕ್ಕೆ ಫೋನ್ ಮಾಡಿ ಎಲ್ಲ ಹೇಳಿದರು. ನನಗೆ ಅದರಿಂದ ಹಗುರವಾಗಲಿಲ್ಲ. ಅಂದು ಇಡೀ ದಿನ ಮೊಬೈಲ್ ಸದ್ದಾದರೆ ಸಾಕು, ಕಾರ್ಕಳದ್ದೇ ಎಂದು ತೆಗೆದು ನೋಡುತ್ತಿದ್ದೆ. ಆ ಮನುಷ್ಯ ಸತ್ತರೆ ನಾನು ಕೊಂದ ಹಾಗೆಯೇ ಎಂದು ಬಸ್ಸಿನಲ್ಲಿ ಕೂತು ಯೋಚಿಸಿದ್ದು ನೆನಪಿದೆ. ಪಕ್ಕದಲ್ಲಿದ್ದ ಹೆಂಗಸು, ಹುಷಾರಿಲ್ಲವಾ ಎಂದು ಕೇಳಿ ಕಿಟಕಿಯ ಕಡೆ ಜಾಗ ಕೊಟ್ಟರು.

ಅದರ ಮರುದಿನ ಪೆರ್ಡೂರಿನವರನ್ನು ಐಸಿಯುನಿಂದ ವಾರ್ಡಿಗೆ ತಂದರು ಎಂದು ತಿಳಿಯಿತು. ಅರ್ಧ ದಿನ ರಜೆ ಹಾಕಿ ಆಸ್ಪತ್ರೆಗೆ ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬರೆದೆ, ಹೊಡೆದುಹಾಕಿದೆ.

ವಾರ್ಡಿನ ಹೊರಗೆ ಬೆಂಚಿನ ಮೇಲೆ ಅವರ ಹೆಂಡತಿ ಫ್ಲಾಸ್ಕ್ ಹಿಡಿದುಕೊಂಡು ಕೂತಿದ್ದರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರಿರಬೇಕು. ಮೆಸೇಜ್ ಕಳಿಸುವ ಕಂಪನಿಯಿಂದ ಬಂದದ್ದು ಎಂದು ಹೇಳಿ ಪಕ್ಕದಲ್ಲಿ ಕೂತೆ. ನಾವು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ವಿಷಯ ಎತ್ತುವ ಮೊದಲೇ ಅವರು ಶುರುಮಾಡಿದರು. “ನಿಮ್ಮದು ಎಂತದೂ ತಪ್ಪಿಲ್ಲ. ನಾನೇ ಇವರನ್ನು ಕೂರಿಸಿದ್ದು. ಒಂಬತ್ತು ಗಂಟೆಗೇ ಅಂಗಿ ಹಾಕಿ ಹೊರಟಿದ್ದರು. ಮೆಸೇಜ್ ಬಂದ ಮೇಲೆ ಹೊರಡಿ ಅಂತ ಕೇಂದ್ರದವರು ಹೇಳಿದ್ದಾರಲ್ಲ, ಮೊದಲೇ ಹೋಗಿ ಅಲ್ಲಿ ಎಷ್ಟು ಹೊತ್ತು ಕೂರುವುದು ಅಂತ ನಾನೇ ತಡೆದೆ. ಹಿರಿಯಡ್ಕದಲ್ಲಿ ಬೇರೆ ಬಸ್ಸು ಹಿಡಿಯಬೇಕು, ಅದು ಸಿಗಲಿಲ್ಲ. ನನ್ನದೇ ತಪ್ಪು.”

“ಇಲ್ಲ ಅಕ್ಕ” ಎಂದೆ. ಬರೆದುಕೊಂಡದ್ದೆಲ್ಲ ಮರೆತುಹೋಗಿತ್ತು. “ನೀವು ತಡೆದದ್ದು ಸರಿಯೇ. ಹತ್ತು ಗಂಟೆಗೆ ಬರಬೇಕಾದ ಮೆಸೇಜ್ ಹನ್ನೊಂದೂವರೆಗೆ ಬಂದದ್ದು ನನ್ನಿಂದ. ಸಮಯ ಸರಿ ಉಂಟಾ ಅಂತ ನಾನು ನೋಡಲಿಲ್ಲ. ಮೇಡಂ ಫೋನ್ ಮಾಡಿದಾಗಲೂ ನಾನು ನಂಬಲಿಲ್ಲ.”

ಬೈಯುತ್ತಾರೆ ಎಂದುಕೊಂಡು ನೆಲ ನೋಡುತ್ತಾ ಕೂತೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸಿ ತೆಗೆದು, ಮತ್ತೆ ಹಾಕಿದರು.

“ಇದನ್ನು ಒಳಗೆ ಬಂದು ಅವರ ಹತ್ತಿರ ಹೇಳ್ತೀರಾ?” ಎಂದರು. “ಆಕ್ಸಿಜನ್ ಮಾಸ್ಕ್ ತೆಗೆದ ಮೇಲೂ ನನ್ನ ಹತ್ತಿರ ಮಾತಿಲ್ಲ. ನರ್ಸಿನ ಹತ್ತಿರ ಮಾತಾಡ್ತಾರೆ.”

ಎದ್ದು ನಿಂತೆ. ಅವರು ನನಗಿಂತ ಮುಂದೆ ಹೋಗಿ ಬಾಗಿಲು ತೆರೆದು ಹಿಡಿದರು. ತಾವು ಮಾತ್ರ ಒಳಗೆ ಬರಲಿಲ್ಲ.